ಹಾವಿನ ಲೆಕ್ಕ

ನಮ್ಮ ದೇಶದಲ್ಲಿ ಹಾವಿಲ್ಲ.
ಇರುವುದೊಂದೇ: ರಬ್ಬರಿನದು, ಹಸಿರು, ಬಾಲ ಹರಿದದ್ದು,
ರಾವಿರಿಯ ಮೊಮ್ಮಗಳ ಆಟಿಕೆ ಬುಟ್ಟಿಯಿಂದ ಕದ್ದದ್ದು.
ಗ್ರೀನಿನ ಮೇಲೆ ಮೂರು ಸಲ ತಟ್ಟಿದವನ ಕೊರಳಿಗೆ ಅದು,
ಇನ್ನೊಬ್ಬ ಮೂರು ತಟ್ಟುವ ತನಕ.
ಹದಿನೆಂಟನೆಯ ಗುಳಿ ಮುಗಿದಾಗ ಹಾವು ಯಾರಲ್ಲಿದೆಯೋ
ಅವನು ಉಳಿದ ಮೂವರಿಗೂ ಎರಡೆರಡು ಡಾಲರ್ ತೆರಬೇಕು.

ಗುರುವಾರದ ಆಟ. ಇರುವುದು ಒಂಬತ್ತೇ ಗುಳಿ, ಎರಡು ಸುತ್ತು.
ಹುಲ್ಲು ಕತ್ತರಿಸುವುದು ಕುರಿಗಳು, ಸಂಬಳವಿಲ್ಲದೆ.
ಹಿಕ್ಕೆಯಲ್ಲಿ ಕೂತ ಚೆಂಡನ್ನು ದಂಡವಿಲ್ಲದೆ ಎತ್ತಿಡಬಹುದು;
ಕುರಿಗೆ ಬಡಿದರೆ ಬಿದ್ದಲ್ಲಿಂದಲೇ, ಕುರಿ ಏನೆಂದರೂ ಸರಿ.
ತೆಂಕಣ ಗಾಳಿಯೆಂದರೆ ಇಲ್ಲಿ ಹಿತವಲ್ಲ,
ಹಿಮಖಂಡ ಉಗುಳಿದ್ದು, ಹಲ್ಲಿಗೇ ತಾಕುವಂಥದ್ದು.

ನಸ್ಸಾ ಎಂದರೆ ಒಂದರ ಹೊಟ್ಟೆಯಲ್ಲಿ ಮೂರು ಪಂದ್ಯ:
ಮೊದಲರ್ಧಕ್ಕೊಂದು, ಕೊನೆಯರ್ಧಕ್ಕೊಂದು, ಇಡಿಯದಕ್ಕೊಂದು.
ಬೆಳಗ್ಗೆ ಕೆಟ್ಟವನು ಮಧ್ಯಾಹ್ನ ಬದುಕಿಕೊಳ್ಳಲಿ ಎಂದು
ಯಾರೋ ಕರುಣಾಳು ಕಟ್ಟಿದ್ದಿರಬೇಕು.
ಸ್ಕಿನ್ಸ್‌ನಲ್ಲಿ ಇಬ್ಬರು ಸಮವಾದರೆ ಯಾರಿಗೂ ಇಲ್ಲ,
ದುಡ್ಡು ಮುಂದಿನ ಗುಳಿಗೆ, ಅಲ್ಲಿಂದ ಅದರ ಮುಂದಿನದಕ್ಕೆ.
ಹಾಗೆ ಐದು ಗುಳಿ ದಾಟಿ ಬಂದ ಹತ್ತು ಡಾಲರಿಗೆ
ಲಾಕ್ಲನ್‌ನ ಕೈ ನಡುಗುತ್ತದೆ, ನಡುರಾತ್ರಿ
ಅಡ್ಡ ಸಿಕ್ಕಿದ ಕರುವನ್ನು ಎಳೆಯುವಾಗ ನಡುಗದ ಕೈ.

ತೋಳದಾಟದಲ್ಲಿ ಮೊದಲು ಹೊಡೆಯುವವನೇ ತೋಳ.
ಒಬ್ಬೊಬ್ಬರ ಹೊಡೆತ ನೋಡಿ ಜೊತೆಗಾರನನ್ನು ಆರಿಸಬೇಕು,
ಆಗಲೇ, ಮುಂದಿನವನು ಕೋಲೆತ್ತುವ ಮೊದಲೇ.
ಇಲ್ಲವೇ ಮೂವರ ಮೇಲೂ ಒಂಟಿಯಾಗಿ ಬೀಳಬೇಕು, ದುಪ್ಪಟ್ಟಿಗೆ.
ಮೆರ್ವಿನ್ ಯಾವಾಗಲೂ ಒಂಟಿ.
ಯಾವಾಗಲೂ ಸೋಲು.

ಲೆಕ್ಕ ನನ್ನದು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು,
ತಲೆ ಎಣಿಸದೆ ಬಾಗಿಲು ಹಾಕಿದವನಲ್ಲ.
ನನ್ನ ಪುಸ್ತಕದಲ್ಲಿ ಮೆರ್ವಿನ್, ಹನ್ನೊಂದು ವರ್ಷಕ್ಕೆ,
ನಾನೂರ ಹದಿನಾರು ಡಾಲರ್ ಕೆಳಗೆ.

ಮೇ ತಿಂಗಳಲ್ಲಿ ಹೋದ. ಮಂಗಳವಾರ, ಕೋಳಿಗೂಡಿನ ಹತ್ತಿರ.
ಹಾವು ಅವನ ಚೀಲದಲ್ಲೇ ಉಳಿಯಿತು.
ಹೋಗಿ ಕೇಳುವುದು ಹೇಗೆ?
ಮೂರು ಗುರುವಾರ ಬರಿಯ ಅಂಕಕ್ಕೆ ಆಡಿದೆವು, ಸ್ಟೇಬಲ್‌ಫರ್ಡ್;
ಅದರಲ್ಲಿ ಕೆಟ್ಟ ಗುಳಿಗೆ ಸೊನ್ನೆ ಬರೆದು
ಚೆಂಡೆತ್ತಿಕೊಂಡು ನಡೆದುಬಿಡಬಹುದು.
ಆ ತಿಂಗಳಿಗೆ ಅದೇ ಸರಿಹೋಯಿತು.

ನಾಲ್ಕನೆಯ ಗುರುವಾರ ಬೆರಿಲ್ ಬಂದಳು,
ಗಂಡನ ಚೀಲ ಎಳೆದುಕೊಂಡು, ಗಂಡನ ಮಳೆಕೋಟಿನಲ್ಲಿ.
ನನ್ನ ಕಾರಿನ ಬಾನೆಟ್ಟಿನ ಮೇಲೆ ಆರು ಡಾಲರ್ ಇಟ್ಟಳು:
"ಹಾವು ಅವನ ಹತ್ತಿರವಿತ್ತು."
ಆಮೇಲೆ ಅಂದಳು: "ಗೆದ್ದ ದುಡ್ಡಿನಲ್ಲಿ ಗುರುವಾರ ಗುರುವಾರ
ಬ್ಲೂ ಕಾಡ್ ಮೀನು ತರುತ್ತಿದ್ದ.
ನಿಮ್ಮ ಜೇಬಿಗೆಲ್ಲ ತೂತು ಹಾಕಿದನೇನೋ, ಪಾಪ."

ರಾವಿರಿ ಬೂಟಿನ ದಾರ ಕಟ್ಟತೊಡಗಿದ, ಕಟ್ಟಿದ್ದನ್ನೇ.
ಲಾಕ್ಲನ್ ಕುರಿಗಳನ್ನು ನೋಡಿದ.
ಪುಸ್ತಕವನ್ನು ಒಳಜೇಬಿಗೆ ತಳ್ಳಿ ನಾನೆಂದೆ:
"ಹೌದು ಬೆರಿಲ್, ಭಾರಿ ಕೈ ಅವನದು."
ಬಸ್ಸಿನಲ್ಲೂ ಇಷ್ಟು ದೊಡ್ಡ ಲೆಕ್ಕ ತಪ್ಪಿಸಿರಲಿಲ್ಲ.

ಮುಂದೆ ಜಗಳ. ಅವಳ ಹ್ಯಾಂಡಿಕ್ಯಾಪ್ ಎಷ್ಟು?
ಮನೆ, ಕಾರು, ಕೋಳಿ ಬರುತ್ತವೆ ಹೆಂಡತಿಗೆ;
ಇಪ್ಪತ್ತೆರಡು ಹೊಡೆತದ ರಿಯಾಯಿತಿಯೂ ಉಯಿಲಿನಲ್ಲಿ ಬರುತ್ತದೆಯೇ?
ಬರುವುದಿಲ್ಲ ಎಂದ ಲಾಕ್ಲನ್. ಮೂವತ್ತಾರು ಕೊಡಿ ಎಂದಳು ಬೆರಿಲ್.
ಗಾಳಿ ಜೋರಾಯಿತು. ಇಪ್ಪತ್ತೆಂಟಕ್ಕೆ ಮುಗಿಸಿದೆವು.

ತೋಳ ಯಾರೆಂದು ಚೀಟಿ ಎತ್ತಿದರೆ ಅವಳೇ.
ಹೊಡೆದಳು. ಚೆಂಡು ಕುರಿಗಳ ನಡುವೆ ಎಲ್ಲೋ.
ನಮ್ಮ ಮೂವರ ಹೊಡೆತವನ್ನೂ ಒಂದೊಂದಾಗಿ ನೋಡಿ,
ಕಾಲರ್ ಎತ್ತಿಕೊಂಡು, "ಒಬ್ಬಳೇ ಆಡುತ್ತೇನೆ" ಎಂದಳು.

ಗ್ರೀನಿನ ಮೇಲೆ ಮೂರು ತಟ್ಟಿದಳು. ಮೂರನೆಯದು ಗೇಣುದ್ದ.
ಪರವಾಗಿಲ್ಲ ಬಿಡಿ ಎಂದು ಯಾರೂ ಅನ್ನಲಿಲ್ಲ.
ಚೀಲದ ಬದಿಯ ಜಿಪ್ಪು ತಾನೇ ತೆಗೆದು,
ಹಸಿರು ಹಾವನ್ನು ತಾನೇ ಕೊರಳಿಗೆ ಸುತ್ತಿಕೊಂಡಳು.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಎರಡನೆಯ ಗುಳಿಯತ್ತ ನಡೆದೆವು, ನಾಲ್ವರು.

ಅವಳಿಗೆಂದು ನಾನು ಹೊಸ ಪುಟ ತೆರೆಯಲಿಲ್ಲ.
ಮೆರ್ವಿನ್‌ನ ಲೆಕ್ಕದ ಕೆಳಗೇ ಬರೆದೆ: ಹದಿನಾಲ್ಕು.
ಮನೆಗೆ ಹೋಗುವಾಗ ನೋಡುತ್ತೇನೆ,
ಹದಿನಾಲ್ಕು ಡಾಲರ್ ಸೋತವಳ ಕಾರು
ಮೀನಂಗಡಿಯ ಮುಂದೆ ನಿಂತಿದೆ.